ಪ್ರಸಂಗ ಅಧಿಕವಾಗದಂತೆ

ಕರಾವಳಿಯ ಊರುಗಳಲ್ಲಿ ‘ಪ್ರಸಂಗ’ ಎಂದರೆ ಮೊದಲು ನೆನಪಿಗೆ ಬರುವುದು ಯಕ್ಷಗಾನ. ಇವತ್ತು ರಾತ್ರಿ ಯಾವ ಪ್ರಸಂಗ ಎಂದು ಕೇಳುವುದು ಅಲ್ಲಿನ ವಾಡಿಕೆ. ಅದೇ ಊರಿನ ಪ್ರಾಟೆಸ್ಟೆಂಟ್ ಕ್ರೈಸ್ತರ ಮನೆಯಲ್ಲಿ ಭಾನುವಾರ ಮಧ್ಯಾಹ್ನ ‘ಪ್ರಸಂಗ ಹೇಗಿತ್ತು?’ ಎಂದು ಯಾರಾದರೂ ಕೇಳಿದರೆ ಅದರ ಅರ್ಥವೇ ಬೇರೆ. ಅಲ್ಲಿ ಪ್ರಸಂಗವೆಂದರೆ ಬೆಳಿಗ್ಗೆ ಚರ್ಚಿನಲ್ಲಿ ಸಭಾಪಾಲಕರು ಮಾಡಿದ ಬೋಧನೆ. ಕನ್ನಡ ಸತ್ಯವೇದದ ಒಂದು ಪುಸ್ತಕದ ಹೆಸರು ‘ಪ್ರಸಂಗಿ’. ಜಾತಿ ಮತಗಳ ಭೇದವಿಲ್ಲದೆ ಎಲ್ಲರಿಗೂ ಗೊತ್ತಿರುವ ಇನ್ನೊಂದು ಮಾತೂ ಇದೆ: ‘ಅಧಿಕಪ್ರಸಂಗ’. ಪ್ರಸಂಗ ಎಲ್ಲಿಗೆ ಮುಗಿಯಬೇಕು, ಅಧಿಕಪ್ರಸಂಗ ಎಲ್ಲಿ ಶುರುವಾಗುತ್ತದೆ ಎಂಬುದನ್ನು ತಿಳಿಯಲು ದೇವಶಾಸ್ತ್ರದ ವಿದ್ಯಾರ್ಥಿಗಳು ವರ್ಷಗಳನ್ನೇ ಕಳೆಯುತ್ತಾರೆ.

ಹೊರಗಿನವರ ಕಣ್ಣಿಗೆ ಚರ್ಚಿನ ಆರಾಧನೆ ಸರಳವಾಗಿ ಕಾಣುತ್ತದೆ. ಗಂಟೆ ಹೊಡೆಯುತ್ತದೆ, ಜನ ಸೇರುತ್ತಾರೆ, ಹಾಡುತ್ತಾರೆ, ಏಳುತ್ತಾರೆ, ಕೂರುತ್ತಾರೆ. ಒಬ್ಬರು ಓದುತ್ತಾರೆ, ಇನ್ನೊಬ್ಬರು ಮಾತನಾಡುತ್ತಾರೆ. ಒಳಗೆ ಕುಳಿತವರಲ್ಲೂ ಹಲವರಿಗೆ ಇದರ ಹಿಂದೆ ವಾರವಿಡೀ ನಡೆದ ಕೆಲಸದ ಅರಿವಿರುವುದಿಲ್ಲ. ಮಾತು ಬಲ್ಲವನು ಪ್ರಸಂಗ ಮಾಡುತ್ತಾನೆ, ಅದು ಹುಟ್ಟಿನಿಂದ ಬಂದ ವರ ಎಂಬ ನಂಬಿಕೆ ಗಟ್ಟಿಯಾಗಿದೆ. ದೇವಶಾಸ್ತ್ರದ ಕಾಲೇಜುಗಳು ಇದನ್ನು ಒಪ್ಪುವುದಿಲ್ಲ. ಅವುಗಳ ಪ್ರಕಾರ ಇದು ಕಲಿತು ಮಾಡುವ ಕೆಲಸ. ಮೊದಲು ಯೋಜಿಸಬೇಕು, ಆಮೇಲೆ ನಡೆಸಬೇಕು, ನಡೆಸಿದ ಮೇಲೆ ಏನಾಯಿತೆಂದು ಹಿಂತಿರುಗಿ ನೋಡಬೇಕು. ಮೊದಲೆರಡನ್ನು ಹೇಗೋ ಕಲಿತು ಮೂರನೆಯದನ್ನು ಕೈಬಿಡುವವರೇ ಹೆಚ್ಚು. ಪ್ರಸಂಗಗಳು ಬೇಸರ ತರಿಸುವುದಕ್ಕೆ ಮುಖ್ಯ ಕಾರಣವೂ ಬಹುಶಃ ಇದೇ.

ಕ್ರೈಸ್ತರ ಭಾನುವಾರದ ಕೂಟದ ಬಗ್ಗೆ ಸಿಗುವ ಬಹಳ ಹಳೆಯ ವಿವರಣೆಗಳಲ್ಲಿ ಒಂದು ಕ್ರಿ.ಶ. 155ರ ಸುಮಾರಿನದು. ರೋಮಿನಲ್ಲಿದ್ದ ಜಸ್ಟಿನ್ ಎಂಬ ಕ್ರೈಸ್ತ ಚಿಂತಕ ಚಕ್ರವರ್ತಿಗೆ ಬರೆದ ಬಿನ್ನಹದಲ್ಲಿ ಅದು ಬರುತ್ತದೆ. ಊರಿನವರೂ ಹಳ್ಳಿಯವರೂ ಒಂದೆಡೆ ಸೇರುತ್ತಾರೆ. ಸಮಯ ಇರುವಷ್ಟು ಹೊತ್ತು ಅಪೊಸ್ತಲರ ಅಥವಾ ಪ್ರವಾದಿಗಳ ಬರಹ ಓದುತ್ತಾರೆ. ಮುಖ್ಯಸ್ಥ ಎದ್ದು ಬೋಧಿಸುತ್ತಾನೆ. ಎಲ್ಲರೂ ನಿಂತು ಪ್ರಾರ್ಥಿಸುತ್ತಾರೆ. ರೊಟ್ಟಿ, ದ್ರಾಕ್ಷಾರಸ ತರುತ್ತಾರೆ. ಅನಾಥರಿಗೆ, ವಿಧವೆಯರಿಗೆ ಕಾಣಿಕೆ ಎತ್ತುತ್ತಾರೆ. ಹದಿನೆಂಟು ಶತಮಾನಗಳು ಕಳೆದಿವೆ, ಮಂಗಳೂರಿನಲ್ಲೋ ಮೈಸೂರಿನಲ್ಲೋ ಇಂದು ನಡೆಯುವ ಆರಾಧನೆಯ ಹಂದರ ಹೆಚ್ಚುಕಡಿಮೆ ಇದೇ. ಅಂದರೆ ಪ್ರಸಂಗ ಒಂಟಿ ಭಾಷಣವಲ್ಲ. ಓದು, ಹಾಡು, ಪ್ರಾರ್ಥನೆ, ಭೋಜನ, ದಾನ ಇವುಗಳ ನಡುವೆ ಅದಕ್ಕೊಂದು ಜಾಗವಿದೆ. ಆ ಜಾಗವನ್ನು ಮೀರಿ ಹರಡಿಕೊಂಡರೆ ಉಳಿದವು ಸೊರಗುತ್ತವೆ.

ಪ್ರಸಂಗ ಕಲೆಯನ್ನು ಶಾಸ್ತ್ರದ ಮಟ್ಟಕ್ಕೆ ತಂದವರಲ್ಲಿ ಸಂತ ಆಗಸ್ಟೀನ್ ಮೊದಲಿಗ. ಬಿಷಪ್ ಆಗುವ ಮೊದಲು ಅವನು ವಾಕ್ಕಲೆ ಕಲಿಸುತ್ತಿದ್ದ ಮೇಷ್ಟರು. ಸುಮಾರು 426ರಲ್ಲಿ ಮುಗಿಸಿದ ತನ್ನ ಗ್ರಂಥವೊಂದರಲ್ಲಿ ರೋಮಿನ ವಾಗ್ಮಿ ಸಿಸೆರೋನ ಸೂತ್ರವನ್ನೇ ಎತ್ತಿಕೊಂಡು, ಬೋಧಕ ಕಲಿಸಬೇಕು, ಮೆಚ್ಚಿಸಬೇಕು, ಮನಸ್ಸನ್ನು ಅಲುಗಿಸಬೇಕು ಎಂದ. ಅದಕ್ಕಿಂತ ಉಪಯುಕ್ತವಾದ ಇನ್ನೊಂದು ಮಾತನ್ನೂ ಹೇಳಿದ. ಕೇಳುಗರಿಗೆ ಅರ್ಥವಾಯಿತೋ ಇಲ್ಲವೋ ಎಂಬುದು ಅವರ ಚಲನೆಯಲ್ಲೇ ಗೊತ್ತಾಗುತ್ತದೆ. ಅರ್ಥವಾಗುವವರೆಗೆ ವಿಷಯವನ್ನು ಬೇರೆ ಬೇರೆ ರೀತಿಯಲ್ಲಿ ಹೇಳುತ್ತಿರಬೇಕು, ಅರ್ಥವಾದ ಮೇಲೆ ಮುಂದಕ್ಕೆ ಹೋಗಬೇಕು. ಬಾಯಿಪಾಠ ಮಾಡಿಕೊಂಡು ಬಂದವನಿಗೆ ಇದು ಸಾಧ್ಯವಾಗದು. ತಾಳಮದ್ದಲೆಯ ಅರ್ಥಧಾರಿಗಳಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಅವರೂ ಬರೆದುಕೊಂಡು ಬರುವುದಿಲ್ಲ, ಆದರೆ ಸಿದ್ಧತೆಯಿಲ್ಲದೆ ಬರುವುದೂ ಇಲ್ಲ.

ಕನ್ನಡದಲ್ಲಿ ಈ ಕಲಿಕೆಗೆ ನೆಲೆ ಸಿಕ್ಕಿದ್ದು ಮಂಗಳೂರಿನ ಬಲ್ಮಠದಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, 1847ರಲ್ಲಿ ಅಲ್ಲಿ ಸ್ಥಳೀಯ ಬೋಧಕರನ್ನು ತಯಾರು ಮಾಡುವ ಶಾಲೆ ತೆರೆಯಿತು. ಅದರ ಹಿಂದಿದ್ದವರು ‘ಮಂಗಳೂರ ಸಮಾಚಾರ’ ಪತ್ರಿಕೆಯ ಹೆರ್ಮನ್ ಮೊಗ್ಲಿಂಗ್. 1965ರಲ್ಲಿ ತುಮಕೂರಿನ ಕನ್ನಡ ಸೆಮಿನರಿಯೂ ಇದರೊಂದಿಗೆ ಸೇರಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಆಯಿತು. ಮೊದಲ ದಿನಗಳ ಚಿತ್ರ ಸೋಜಿಗದ್ದು. ಮೇಷ್ಟರ ಮನೆಮಾತು ಜರ್ಮನ್, ಅನೇಕ ಶಿಷ್ಯರ ಮನೆಮಾತು ತುಳು, ಪಾಠ ಮತ್ತು ಪ್ರಸಂಗಕ್ಕೆ ಕನ್ನಡ. ಪರಭಾಷೆಯವನ ಕನ್ನಡವನ್ನು ಪರಭಾಷೆಯವನೇ ಕಲಿತರೆ ಕೇಳುವ ರೈತನಿಗೆ ಏನು ಮುಟ್ಟೀತು ಎಂಬ ಪ್ರಶ್ನೆ ಆಗಲೇ ಇತ್ತು.

ಅದಕ್ಕೆ ಉತ್ತರ ಹುಡುಕಿದವರೂ ಇದ್ದರು. ಮೊಗ್ಲಿಂಗ್ 1850ರಲ್ಲಿ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ನಿಘಂಟಿನ ಕಿಟ್ಟೆಲ್ 1862ರಲ್ಲಿ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಪದ್ಯಕ್ಕೆ ತಂದರು. ಮುಂದೆ ಇದೇ ಬಾಸೆಲ್ ಮಿಷನ್ ಪರಂಪರೆಯಲ್ಲಿ ಕಲಿತು ಸಭಾಪಾಲಕರಾದ ರೆವರೆಂಡ್ ಉತ್ತಂಗಿ ಚನ್ನಪ್ಪನವರು ಊರೂರು ತಿರುಗಿ ಸರ್ವಜ್ಞನ ವಚನಗಳನ್ನು ಕಲೆಹಾಕಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಬಂತು. ಸಾಹಿತ್ಯ ಚರಿತ್ರೆಕಾರರು ಇದನ್ನು ಅವರ ಪಾಂಡಿತ್ಯದ ಲೆಕ್ಕಕ್ಕೆ ಬರೆಯುತ್ತಾರೆ. ಬೋಧಕನೊಬ್ಬ ಜನರ ಮಾತನ್ನು ಜನರಿಂದಲೇ ಕಲಿತ ಕಥೆಯೆಂದೂ ಇದನ್ನು ಓದಬಹುದು.

ಆದರೆ ಎಲ್ಲ ಸಭೆಗಳಿಗೂ ಕಾಲೇಜಿನಲ್ಲಿ ಓದಿದ ಸಭಾಪಾಲಕರು ಸಿಗುವುದಿಲ್ಲ. ಹಳ್ಳಿಗಳಲ್ಲಿ ಒಬ್ಬರೇ ಹಲವು ಸಭೆಗಳನ್ನು ನೋಡಿಕೊಳ್ಳಬೇಕಾಗುತ್ತದೆ. ಅವರು ಬಾರದ ಭಾನುವಾರ ಆರಾಧನೆ ನಡೆಸುವವರು ಉಪದೇಶಿಗಳು, ಸಭೆಯ ಹಿರಿಯರು, ಕೆಲವೆಡೆ ಶಾಲೆಯ ಮೇಷ್ಟರು. ಇಂಥವರನ್ನು ತಯಾರು ಮಾಡುವ ಕ್ರಮವನ್ನು ಬಹಳ ಹಿಂದೆಯೇ ರೂಢಿಗೆ ತಂದವರು ಇಂಗ್ಲೆಂಡಿನ ಮೆಥೊಡಿಸ್ಟರು. ಅವರ ನಾಯಕ ಜಾನ್ ವೆಸ್ಲಿಗೆ ಮೊದಲು ಇದು ಇಷ್ಟವಿರಲಿಲ್ಲ. 1740ರ ದಶಕದ ಆರಂಭದಲ್ಲಿ, ದೀಕ್ಷೆಯಿಲ್ಲದ ಥಾಮಸ್ ಮ್ಯಾಕ್ಸ್‌ಫೀಲ್ಡ್ ಎಂಬವನು ಲಂಡನ್ನಿನಲ್ಲಿ ಪ್ರಸಂಗ ಮಾಡಿದನೆಂದು ಕೇಳಿ ಅವರು ಸಿಟ್ಟಿನಿಂದ ಧಾವಿಸಿ ಬಂದರಂತೆ. ತಡೆದದ್ದು ಅವರ ತಾಯಿ ಸುಸಾನಾ. ಮೊದಲು ಅವನ ಮಾತು ಕೇಳು, ಆಮೇಲೆ ತೀರ್ಮಾನಿಸು ಎಂದು ಆಕೆ ಹೇಳಿದರು. ವೆಸ್ಲಿ ಕೇಳಿದರು, ಒಪ್ಪಿದರು. ಅಲ್ಲಿಂದ ಕಮ್ಮಾರರು, ನೇಕಾರರು, ಗಣಿ ಕಾರ್ಮಿಕರು ಪ್ರಸಂಗ ಪೀಠ ಹತ್ತಿದರು. ಆದರೆ ಯಾರೂ ಏಕಾಏಕಿ ಹತ್ತಲಿಲ್ಲ. ಮೊದಲು ಒಬ್ಬ ಹಳೆಯ ಬೋಧಕನ ಜೊತೆ ಹೋಗಿ ನೋಡಬೇಕು, ನಂತರ ಪರೀಕ್ಷಾರ್ಥಿಯಾಗಿ ಮಾತನಾಡಬೇಕು, ಕೇಳಿದ ಹಿರಿಯರು ವರದಿ ಕೊಡಬೇಕು, ಆಮೇಲೆ ಮನ್ನಣೆ. ಯಾವ ಭಾನುವಾರ ಯಾವ ಊರಿನಲ್ಲಿ ಯಾರ ಸರದಿ ಎಂಬ ಮೂರು ತಿಂಗಳ ಪಟ್ಟಿಯೊಂದು ಅಚ್ಚಾಗುತ್ತಿತ್ತು. ಈ ಪದ್ಧತಿ ಬ್ರಿಟನ್ನಿನಲ್ಲಿ ಈಗಲೂ ಇದೆ. ಹಳೆಯ ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ್ದು ಇದೇ ವೆಸ್ಲಿಯನ್ ಮಿಷನ್. ಬೆಂಗಳೂರಿನಲ್ಲಿ 1904ರಲ್ಲಿ ಕಟ್ಟಿದ ಹಡ್ಸನ್ ಸ್ಮಾರಕ ಚರ್ಚಿನ ಕನ್ನಡ ಸಭೆ ಆ ಪರಂಪರೆಯದು.

ಇನ್ನು ಯೋಜನೆಯ ಮಾತು. ಪ್ರಸಂಗಕ್ಕೆ ವಿಷಯ ಆರಿಸುವ ಸ್ವಾತಂತ್ರ್ಯ ಬೋಧಕನಿಗೆ ಸಾಮಾನ್ಯವಾಗಿ ಇರುವುದಿಲ್ಲ, ಅದು ಒಳ್ಳೆಯದೂ ಹೌದು. ಇದ್ದರೆ ವರ್ಷವಿಡೀ ತನಗೆ ಮೆಚ್ಚಿನ ನಾಲ್ಕು ವಾಕ್ಯಗಳ ಸುತ್ತಲೇ ಆತ ಗಾಣದೆತ್ತಿನಂತೆ ತಿರುಗುವ ಅಪಾಯವಿದೆ. ಆ ಭಾನುವಾರ ಓದಬೇಕಾದ ಪಾಠಗಳನ್ನು ಪಟ್ಟಿಯೊಂದು ಮೊದಲೇ ನಿಗದಿ ಮಾಡಿರುತ್ತದೆ. ಕಥೋಲಿಕರಲ್ಲಿ 1969ರಿಂದ ಮೂರು ವರ್ಷದ ಚಕ್ರವಿದೆ: ಒಂದು ವರ್ಷ ಮತ್ತಾಯ, ಮರುವರ್ಷ ಮಾರ್ಕ, ಆಮೇಲೆ ಲೂಕ. ಅನೇಕ ಪ್ರಾಟೆಸ್ಟೆಂಟ್ ಸಭೆಗಳು 1992ರಲ್ಲಿ ಇಂಥದೇ ಪಟ್ಟಿಯನ್ನು ಒಪ್ಪಿಕೊಂಡವು. ದಕ್ಷಿಣ ಇಂಡಿಯಾ ಸಭೆ, ಅಂದರೆ ಸಿಎಸ್‌ಐ, ಪ್ರತಿ ಭಾನುವಾರಕ್ಕೂ ಪಾಠಗಳ ಜೊತೆಗೆ ಒಂದು ವಿಷಯವನ್ನೂ ಕೊಟ್ಟು ಪಂಚಾಂಗ ಹೊರಡಿಸುತ್ತದೆ.

ಒಂದು ಉದಾಹರಣೆ ನೋಡೋಣ. ಪಟ್ಟಿಯಲ್ಲಿ ಲೂಕನ ಸುವಾರ್ತೆಯ ಹದಿನೈದನೆಯ ಅಧ್ಯಾಯ ಬಂದಿದೆ ಎನ್ನಿ. ಅಲ್ಲಿ ಯೇಸು ಹೇಳುವ ಪುಟ್ಟ ಸಾಮತಿ ಇದೆ. ಹೆಂಗಸೊಬ್ಬಳ ಬಳಿ ಹತ್ತು ಬೆಳ್ಳಿ ನಾಣ್ಯಗಳಿವೆ. ಒಂದು ಕಳೆಯುತ್ತದೆ. ಆಕೆ ದೀಪ ಹಚ್ಚಿ, ಮನೆ ಗುಡಿಸಿ, ಸಿಗುವವರೆಗೂ ಹುಡುಕುತ್ತಾಳೆ. ಸಿಕ್ಕಾಗ ನೆರೆಹೊರೆಯವರನ್ನು ಕರೆದು ಸಂತೋಷಪಡುತ್ತಾಳೆ. ಕಥೆ ಅಷ್ಟೇ. ಹೊಸ ವಿದ್ಯಾರ್ಥಿ ಇದನ್ನು ಓದಿದ ಕೂಡಲೇ ಕಳೆದುಹೋದ ಪಾಪಿಗಳ ಬಗ್ಗೆ ಅರ್ಧ ಗಂಟೆ ಗುಡುಗಲು ಸಿದ್ಧನಾಗುತ್ತಾನೆ. ಮೇಷ್ಟರು ಅವನನ್ನು ತಡೆದು ಗಟ್ಟಿಯಾಗಿ ಮತ್ತೆ ಮತ್ತೆ ಓದಿಸುತ್ತಾರೆ. ಹಗಲಿನಲ್ಲಿ ದೀಪ ಯಾಕೆ? ಬಡವರ ಮನೆ, ಕಿಟಕಿ ಇಲ್ಲ, ಒಳಗೆ ಕತ್ತಲೆ. ಒಂದು ನಾಣ್ಯಕ್ಕೆ ಇಷ್ಟು ಹುಡುಕಾಟವೇ? ಅದು ಕೂಲಿಯವನ ಒಂದು ದಿನದ ಸಂಬಳಕ್ಕೆ ಹತ್ತಿರದ ಮೊತ್ತ. ಕಥೆಯಲ್ಲಿ ಹುಡುಕುವವರು ಯಾರು? ಇಲ್ಲಿ ವಿದ್ಯಾರ್ಥಿ ಸಾಮಾನ್ಯವಾಗಿ ತಡವರಿಸುತ್ತಾನೆ. ಹಿಂದಿನ ಕಥೆಯಲ್ಲಿ ಕುರಿ ಹುಡುಕುವ ಕುರುಬ, ಮುಂದಿನದರಲ್ಲಿ ಮಗನಿಗಾಗಿ ಕಾಯುವ ತಂದೆ ದೇವರಿಗೆ ಹೋಲಿಕೆಯಾದರೆ, ನಡುವಿನ ಈ ಕಥೆಯಲ್ಲಿ ದೇವರಿಗೆ ಹೋಲಿಕೆಯಾಗಿರುವುದು ಪೊರಕೆ ಹಿಡಿದ ಹೆಂಗಸು. ತಲೆಮಾರುಗಳ ಕಾಲ ಗಂಡಸರೇ ಪ್ರಸಂಗ ಮಾಡಿದ್ದರಿಂದ ಕುರುಬನಿಗೂ ತಂದೆಗೂ ಸಿಕ್ಕ ಸಮಯ ಈಕೆಗೆ ಸಿಗಲಿಲ್ಲ. ಸಿಎಸ್‌ಐನಲ್ಲಿ ಮೊದಲ ಬಾರಿಗೆ ಮಹಿಳೆಗೆ ಗುರುದೀಕ್ಷೆ ಸಿಕ್ಕಿದ್ದು 1976ರಲ್ಲಿ, ಮೊದಲ ಮಹಿಳಾ ಬಿಷಪ್ ಬಂದದ್ದು 2013ರಲ್ಲಿ.

ಇಷ್ಟು ತಿಳಿದ ಮೇಲೆ ವಿದ್ಯಾರ್ಥಿ ತನ್ನ ಪ್ರಸಂಗವನ್ನು ಒಂದೇ ವಾಕ್ಯದಲ್ಲಿ ಬರೆಯಬೇಕು. ಬರೆಯಲಾಗದಿದ್ದರೆ ಪ್ರಸಂಗ ಇನ್ನೂ ಆಗಿಲ್ಲವೆಂದೇ ಲೆಕ್ಕ. ಆ ವಾಕ್ಯಕ್ಕೆ ಹೊಂದುವಂತೆ ಉಳಿದದ್ದೆಲ್ಲ ಬರುತ್ತದೆ: ಯಾವ ಕೀರ್ತನೆ, ಪಾಪನಿವೇದನೆಯಲ್ಲಿ ಯಾವ ಮಾತು, ಪಾಠ ಓದುವವರು ಯಾರು. ಈ ಪಾಠವನ್ನು ಮನೆ ಗುಡಿಸಿ ಬಲ್ಲ ಹೆಂಗಸೊಬ್ಬರು ಓದಿದರೆ ಅರ್ಧ ಪ್ರಸಂಗ ಅಲ್ಲೇ ಆದಂತೆ. ತೀರ್ಮಾನವನ್ನು ಮೊದಲೇ ಸಾರಿ ಆಮೇಲೆ ಮೂರು ಅಂಶಗಳಲ್ಲಿ ವಿವರಿಸುವುದು ಹಳೆಯ ಕ್ರಮ. ಅಮೆರಿಕದ ಫ್ರೆಡ್ ಕ್ರ್ಯಾಡಕ್ 1971ರ ತಮ್ಮ ಪುಸ್ತಕದಲ್ಲಿ ಇದನ್ನು ತಿರುಗಿಸಿ, ಕೇಳುಗರನ್ನೂ ಜೊತೆಯಲ್ಲಿ ನಡೆಸಿಕೊಂಡು ಹೋಗಿ ತೀರ್ಮಾನವನ್ನು ಅವರೇ ಕಾಣುವಂತೆ ಮಾಡಬೇಕು ಎಂದು ವಾದಿಸಿದರು. ಹರಿಕಥೆ ಕೇಳಿ ಬೆಳೆದ ನಾಡಿಗೆ ಇದೇನೂ ಹೊಸದಲ್ಲ. ಕಥೆಯ ಕೊನೆಯನ್ನು ಮೊದಲೇ ಹೇಳಿಬಿಡುವ ದಾಸರನ್ನು ಯಾರು ಕೂತು ಕೇಳುತ್ತಾರೆ?

ಹಾಡಿನ ಆಯ್ಕೆಯೂ ಸುಲಭವಲ್ಲ. ಬಾಸೆಲ್ ಮಿಷನ್ ಸಭೆಗಳ ಅನೇಕ ಕೀರ್ತನೆಗಳು ಜರ್ಮನ್ ರಾಗಗಳಿಗೆ ಕೂಡಿಸಿದ ಕನ್ನಡ ಮಾತುಗಳು. ಕನ್ನಡದಲ್ಲಿ ಹ್ರಸ್ವ ದೀರ್ಘಗಳಿಂದ ಅರ್ಥವೇ ಬದಲಾಗುತ್ತದೆ. ಯೂರೋಪಿನ ರಾಗಕ್ಕೆ ಅದರ ಪರಿವೆ ಇಲ್ಲ. ಎಳೆಯಬಾರದ ಅಕ್ಷರವನ್ನು ಎಳೆಯುತ್ತದೆ, ಎಳೆಯಬೇಕಾದುದನ್ನು ನುಂಗುತ್ತದೆ. ಆದರೂ ಐದಾರು ತಲೆಮಾರು ಹಾಡಿದ ಮೇಲೆ ಅವು ಅಜ್ಜಿಯ ಹಾಡುಗಳಾಗಿವೆ. ಅವನ್ನು ಕೈಬಿಡುತ್ತೇವೆ ಎಂದರೆ ಹಿರಿಯರಿಗೆ ನೋವು, ಅವನ್ನೇ ಹಾಡುತ್ತೇವೆ ಎಂದರೆ ಗಿಟಾರ್ ಹಿಡಿದ ಹುಡುಗರು ಬೇರೆ ಪ್ರಾರ್ಥನಾ ಕೂಟ ಹುಡುಕಿಕೊಂಡು ಹೋಗುತ್ತಾರೆ. ಆರಾಧನೆ ಯೋಜಿಸುವವರ ಮೇಜಿನ ಮೇಲೆ ಪ್ರತಿ ವಾರ ಬರುವ ತಕರಾರು ಇದು.

ಆರಾಧನೆಯ ರೂಪವನ್ನು ಇಲ್ಲಿನ ಮಣ್ಣಿಗೆ ಒಗ್ಗಿಸುವ ಪ್ರಯತ್ನಗಳೂ ನಡೆದಿವೆ. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥೊಡಿಸ್ಟ್ ಮೊದಲಾದ ಸಭೆಗಳು ಸೇರಿ ಸಿಎಸ್‌ಐ ಆದಾಗ ಒಬ್ಬೊಬ್ಬರದು ಒಂದೊಂದು ಪದ್ಧತಿ. 1950ರಲ್ಲಿ ರೂಪುಗೊಂಡ ಕರ್ತನ ಭೋಜನದ ಕ್ರಮ ಇವರನ್ನು ಹತ್ತಿರ ತಂದಿತು. ಗುರು ಮೇಜಿನ ಹಿಂದೆ ಜನರಿಗೆ ಮುಖ ಮಾಡಿ ನಿಂತರು. ಕೇರಳದ ಸಿರಿಯನ್ ಕ್ರೈಸ್ತರಿಂದ ಪಡೆದ ಪದ್ಧತಿಯಂತೆ ಸಮಾಧಾನದ ವಂದನೆ ಕೈಯಿಂದ ಕೈಗೆ ದಾಟಿತು. 1985ರ ಪರ್ಯಾಯ ಕ್ರಮದಲ್ಲಿ ಆರಾಧನೆಯ ಹಂತಗಳಿಗೆ ಪ್ರವೇಶ, ಪ್ರಬೋಧ, ಸ್ಮರಣ-ಸಮರ್ಪಣ, ದರ್ಶನ, ಪ್ರೇಷಣ ಎಂಬ ಹೆಸರುಗಳು ಬಂದವು. ಕಥೋಲಿಕರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು. 1969ರಲ್ಲಿ ಆರತಿ, ಅಂಜಲಿ, ಎಣ್ಣೆದೀಪಗಳೂ ಸೇರಿದ ಹನ್ನೆರಡು ಅಂಶಗಳಿಗೆ ರೋಮ್ ಒಪ್ಪಿಗೆ ಕೊಟ್ಟಿತು.

ಇದಕ್ಕೆ ಆಕ್ಷೇಪ ಬಂದದ್ದು ಸಂಪ್ರದಾಯಸ್ಥರಿಂದ ಮಾತ್ರವಲ್ಲ. 1980ರ ದಶಕದಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಂಥ ಕಡೆ ದಲಿತ ದೇವಶಾಸ್ತ್ರದ ಚಿಂತನೆ ಮೊಳೆತಾಗ ಒಂದು ನೇರ ಪ್ರಶ್ನೆ ಎದ್ದಿತು. ಇಲ್ಲಿನ ಕ್ರೈಸ್ತರಲ್ಲಿ ದೊಡ್ಡ ಪಾಲು ದಲಿತರು. ಸಂಸ್ಕೃತದ ಹೆಸರುಗಳೂ ಆರತಿಯೂ ಯಾರ ಸಂಸ್ಕೃತಿ? ಭಾರತೀಯವಾಗುವುದೆಂದರೆ ತಮಟೆಯೂ ಒಳಗೆ ಬರಬೇಡವೆ? ಆರಾಧನೆ ನಡೆಸಲು ಕಲಿಯುವವರು ದನಿ, ನಿಲುವು, ಮೌನಗಳ ಜೊತೆಗೆ ಈ ಪ್ರಶ್ನೆಯನ್ನೂ ಹೊತ್ತುಕೊಳ್ಳಬೇಕಾಗುತ್ತದೆ.

ಮೂರನೆಯ ಪಾಠ ಶುರುವಾಗುವುದು ಎಲ್ಲ ಮುಗಿದ ಮೇಲೆ. ತರಗತಿಯಲ್ಲಿ ವಿದ್ಯಾರ್ಥಿ ಗುರುಗಳ ಮತ್ತು ಸಹಪಾಠಿಗಳ ಮುಂದೆ ಪ್ರಸಂಗ ಮಾಡುತ್ತಾನೆ, ಬಳಿಕ ಅವರು ವಿಮರ್ಶಿಸುತ್ತಾರೆ. ಎದೆ ನಡುಗಿಸುವ ಪರೀಕ್ಷೆ ಇದು, ಆದರೆ ಪ್ರಾಮಾಣಿಕವಾದದ್ದು. ನಿಜವಾದ ಸಭೆಯಲ್ಲಿ ಆ ಪ್ರಾಮಾಣಿಕತೆ ಸಿಗುವುದಿಲ್ಲ. ಬಾಗಿಲಲ್ಲಿ ಕೈಕುಲುಕುತ್ತ ಎಲ್ಲರೂ ಹೇಳುವುದು ಒಂದೇ: ‘ಪ್ರಸಂಗ ಚೆನ್ನಾಗಿತ್ತು, ಅಯ್ಯನವರೇ.’ ಬಾರದವರನ್ನು ಬೈದ ಪ್ರಸಂಗಕ್ಕೂ, ಬಂದವರು ಅದನ್ನು ಸಹಿಸಿಕೊಂಡ ಮೇಲೆ, ಇದೇ ಮೆಚ್ಚುಗೆ. ಹೀಗಾಗಿ ಹೇಗಿತ್ತು ಎಂದು ಕೇಳಬಾರದು, ಮನೆಗೆ ಏನು ತೆಗೆದುಕೊಂಡು ಹೋಗುತ್ತಿದ್ದೀರಿ ಎಂದು ಕೇಳಬೇಕು ಎಂಬುದು ಈ ಪಾಠದ ತಿರುಳು. ಒಬ್ಬ ಹಿರಿಯರು, ಒಬ್ಬ ಗೃಹಿಣಿ, ಒಬ್ಬ ಹುಡುಗ, ಹೀಗೆ ಮೂವರನ್ನು ವಿಚಾರಿಸಿ, ಅವರು ಹೇಳಿದ್ದನ್ನು ತಾನು ಮೊದಲು ಬರೆದಿಟ್ಟ ಆ ಒಂದು ವಾಕ್ಯದ ಪಕ್ಕದಲ್ಲಿ ಬರೆದು ನೋಡಬೇಕು. ಎರಡೂ ಒಂದಾಗಿರುವುದು ಅಪರೂಪ. ಹೆಂಗಸಿನ ಕಥೆ ಕೇಳಿದವರಲ್ಲಿ ಒಬ್ಬರಿಗೆ ನೆನಪಿರುವುದು ದೀಪ, ಇನ್ನೊಬ್ಬರಿಗೆ ತಮ್ಮ ಮನೆಯಲ್ಲಿ ಕಳೆದ ಚಿನ್ನ.

2020ರಲ್ಲಿ ಚರ್ಚುಗಳು ಮುಚ್ಚಿದಾಗ ಈ ಪಾಠ ಇನ್ನೊಂದು ಬಗೆಯಲ್ಲಿ ಬಂತು. ಆ ವರ್ಷದ ಈಸ್ಟರ್ ಏಪ್ರಿಲ್ 12ರಂದು, ಲಾಕ್‌ಡೌನ್ ನಡುವೆ. ಸಭಾಪಾಲಕರು ಮೊಬೈಲಿನ ಕ್ಯಾಮರಾ ಮುಂದೆ ನಿಂತರು. ಎದುರಿಗೆ ಮುಖಗಳಿರಲಿಲ್ಲ. ತೂಕಡಿಸುವವರಿಲ್ಲ, ತಲೆಯಾಡಿಸುವವರಿಲ್ಲ, ಗಡಿಯಾರ ನೋಡುವವರೂ ಇಲ್ಲ. ಆಗಸ್ಟೀನ್ ಹೇಳಿದ ಆ ಚಲನೆ ಪೂರ್ತಿ ನಿಂತುಹೋಗಿತ್ತು.

ಆದರೆ ತಪ್ಪಿದರೆ ತಿದ್ದಿಕೊಳ್ಳಲಾಗದ ಸಂದರ್ಭ ಭಾನುವಾರದ್ದಲ್ಲ, ಶವಸಂಸ್ಕಾರದ್ದು. ಅಲ್ಲಿ ಯೋಜಿಸಲು ವಾರವಿರುವುದಿಲ್ಲ, ಕೆಲವು ಗಂಟೆಗಳಷ್ಟೇ. ಎದುರಿಗಿರುವವರಲ್ಲಿ ಬೇರೆ ಧರ್ಮದ ನೆಂಟರು, ನೆರೆಯವರೂ ಇರುತ್ತಾರೆ. ಸತ್ತದ್ದು ಎಂಬತ್ತರ ಅಜ್ಜನಾದರೆ ಮಾತು ತಾನಾಗಿ ಬರುತ್ತದೆ. ಸಾಲಕ್ಕೆ ಹೆದರಿ ಜೀವ ಕಳೆದುಕೊಂಡ ರೈತನೋ, ಜ್ವರಕ್ಕೆ ಬಲಿಯಾದ ಮಗುವೋ ಆದರೆ? ‘ದೇವರ ಚಿತ್ತ’ ಎಂಬ ಎರಡು ಪದ ಬಾಯಿಗೆ ಬೇಗ ಬರುತ್ತದೆ. ಹೇಳಿದವನು ಅದನ್ನು ಸಂಜೆಗೆ ಮರೆಯುತ್ತಾನೆ, ತಾಯಿ ಬದುಕಿರುವಷ್ಟು ದಿನವೂ ಮರೆಯುವುದಿಲ್ಲ. ಹಾಗೆಂದು ಬಿಟ್ಟುಹೋದ ವಿಶ್ವಾಸಿಗಳಿಗೆ ಸಭೆಯ ನಂಬಿಕೆಯನ್ನು ಹೇಳದೆ ಬರುವಂತೆಯೂ ಇಲ್ಲ. ಈ ಗಳಿಗೆಗಾಗಿ ಕಲಿಯುವವರಿಗೆ ಅನುಭವಸ್ಥರು ಹೇಳಿಕೊಡುವುದು ಬಹಳ ಕಡಿಮೆ. ಮೊದಲು ಮನೆಗೆ ಹೋಗಿ ಕೂರಬೇಕು. ಸತ್ತವರ ಹೆಸರನ್ನು ಮನೆಯವರು ಕರೆಯುವ ರೀತಿಯಲ್ಲೇ ತಿಳಿದುಕೊಳ್ಳಬೇಕು. ಅವರ ವಿಷಯ ಮನೆಯವರು ಹೇಳುವುದನ್ನು ನಡುವೆ ಬಾಯಿ ಹಾಕದೆ ಕೇಳಬೇಕು. ಸಂಸ್ಕಾರದ ಕ್ರಮ ಪುಸ್ತಕದಲ್ಲಿ ಪ್ರಾರ್ಥನೆಗಳು ಮೊದಲೇ ಇವೆ. ಅವನ್ನು ನಿಧಾನವಾಗಿ, ಹಿಂದೆ ನಿಂತವರಿಗೂ ಕೇಳುವಂತೆ ಓದಬೇಕು. ಪ್ರಸಂಗಕ್ಕೆ ಐದು ನಿಮಿಷ ಸಾಕು. ಮಣ್ಣು ಹಾಕಿದ ಮೇಲೆ ಕೂಡಲೇ ಹೊರಡದೆ, ಮನೆಯವರು ತಿರುಗುವವರೆಗೂ ಅಲ್ಲೇ ನಿಂತಿರಬೇಕು.